ಬಾಲ್ಯಸಂಸ್ಕಾರವೂ ಜೀವಸ್ವಭಾವವೂ



ವೈಶಾಖ ಶುದ್ಧ ಚತುರ್ದಶಿಯ ಪ್ರದೋಷಕಾಲದಲ್ಲಿ ಶ್ರೀನೃಸಿಂಹದೇವರ ಆವಿರ್ಭಾವದ ಪೂಜೆಯು ನಮ್ಮ ಮನೆಮಠಗಳಲ್ಲಿ ನಡೆಯತಕ್ಕದ್ದು. ಅದರ ಹಿಂದಿನ ದಿನಗಳಲ್ಲಿ ಶ್ರೀಮದ್ಭಾಗವತದ ಸಪ್ತಮಸ್ಕಂಧದ ಪ್ರವಚನವಾಗುವುದು ರೂಢಿ. ಕಂಬ ಸೀಳಿ ಬಂದ ಪ್ರಸಂಗಕ್ಕೆ ಶ್ರೋತೃಗಳೆಲ್ಲ ನೆಟ್ಟಗೆ ಕೂಡುತ್ತಾರೆ. ಅದಕ್ಕೂ ಮುಂಚೆ ಬರುವ ಪಾಠಶಾಲೆಯ ಭಾಗದಲ್ಲಿ ಕೆಲವರಿಗೆ ತೂಕಡಿಕೆ ಬರುವುದೂ ಉಂಟು. ನಮ್ಮ ಅಭಿಪ್ರಾಯದಲ್ಲಿ ಗೃಹಸ್ಥರು ಎಚ್ಚರದಿಂದ ಕೇಳಬೇಕಾದುದು ಆ ಪಾಠಶಾಲೆಯ ಭಾಗವನ್ನೇ. ಏಕೆಂದರೆ ಕಂಬದಿಂದ ದೇವರು ಬರುವ ಯೋಗ ನಮ್ಮ ಮನೆಗಳಲ್ಲಿ ದುರ್ಲಭ. ಐದು ವರ್ಷದ ಮಗುವಾದರೋ ನಮ್ಮ ಮನೆಗಳಲ್ಲಿಯೇ ಕುಳಿತಿದೆ, ನಮ್ಮನ್ನು ನೋಡುತ್ತಿದೆ, ನಾವು ಆಡುವುದನ್ನೆಲ್ಲ ಕೇಳುತ್ತಿದೆ.

ಒಂದು ಪ್ರವಚನದ ಮಂಗಳವಾದ ಮೇಲೆ ತಾಯಿಯೊಬ್ಬರು ಬಂದು ನಮ್ಮನ್ನು ಕೇಳಿದರು: “ಆಚಾರ್ಯರ, ಹುಡುಗ ಒಂದೂ ಮಾತ ಕೇಳಂಗಿಲ್ಲ. ಅವನ ಸ್ವಭಾವನ ಹಾಂಗೋ, ನಾವು ಬೆಳಿಸಿದ್ದು ಹಾಂಗೋ?” ಕೇಳುವಾಗ ಅವರ ಕಣ್ಣಲ್ಲಿ ನೀರಿತ್ತು. ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಹೇಳಿ ಕಳಿಸುವುದು ಸುಲಭ. ಆದರೆ ನಮ್ಮ ಸಿದ್ಧಾಂತದಲ್ಲಿ ಇದಕ್ಕಿಂತ ಕಠಿಣವಾದ ಪ್ರಶ್ನೆಗಳು ಹೆಚ್ಚಿಲ್ಲವೆಂಬುದನ್ನು ಬಲ್ಲವರು ಬಲ್ಲರು. ಜೀವನ ಸ್ವರೂಪಯೋಗ್ಯತೆಯು ಅನಾದಿ. ಅದು ಹುಟ್ಟಿದುದಲ್ಲ, ಬದಲಾಗುವುದೂ ಇಲ್ಲ ಎಂದು ನಾವು ಹೇಳುತ್ತೇವೆ. ಜೀವರಲ್ಲಿ ತಾರತಮ್ಯವನ್ನು ಒಪ್ಪುತ್ತೇವೆ. ಹಾಗಿದ್ದಲ್ಲಿ ತಂದೆತಾಯಿಗಳು ಮಾಡುವ ಸಂಸ್ಕಾರಕ್ಕೆ ಏನು ಕೆಲಸ ಉಳಿಯಿತು? ತೊಟ್ಟಿಲಲ್ಲಿ ಕೇಳಿದ ಹಾಡು, ಪಡಸಾಲೆಯಲ್ಲಿ ತಿಂದ ಏಟು, ಅಜ್ಜಿಯ ಮಡಿಲು, ಇವು ಮುಂದೆ 60 ವರ್ಷದ ಮನುಷ್ಯನನ್ನು ರೂಪಿಸುತ್ತವೆಯೋ, ಇಲ್ಲವೋ?

ಶ್ರೀಮದಾಚಾರ್ಯರು ಮಹಾಭಾರತ ತಾತ್ಪರ್ಯ ನಿರ್ಣಯದಲ್ಲಿ ಇದಕ್ಕೆ ದಾರಿ ತೋರಿಸಿದ್ದಾರೆ. ಜೀವನಿಗೆ ಒದಗುವ ಫಲಕ್ಕೆ ಮೊದಲನೆಯ ಕಾರಣ ‘ಹಠ’ವೆಂದು ಕರೆಯಲ್ಪಡುವ ಅನಾದಿ ಯೋಗ್ಯತೆ, ಎರಡನೆಯದು ಅನಾದಿ ಕರ್ಮ, ಮೂರನೆಯದು ಜೀವನ ಪ್ರಯತ್ನ; ಈ ಮೂರೂ ಸದಾಕಾಲ ಶ್ರೀವಿಷ್ಣುವಿನ ಅಧೀನ. ಈ ಮೂರನೆಯದನ್ನು ಮರೆತವರೇ ಹೆಚ್ಚು. ಪ್ರಯತ್ನವು ಯೋಗ್ಯತೆಯನ್ನು ಹೊಸದಾಗಿ ಸೃಷ್ಟಿಸುವುದಿಲ್ಲ, ನಿಜ. ಆದರೆ ಅದು ಇಲ್ಲದೆ ಯೋಗ್ಯತೆಯು ವ್ಯಕ್ತವಾಗುವುದೂ ಇಲ್ಲ. ಮಗುವಿಗೆ ಸ್ವಂತ ಪ್ರಯತ್ನದ ಶಕ್ತಿ ಬರುವ ತನಕ ಅದರ ಪಾಲಿನ ಪ್ರಯತ್ನವನ್ನು ಮಾಡತಕ್ಕವರು ಯಾರು? ಮನೆಯವರು. ಬಾಲ್ಯವೆಂದರೆ ಒಬ್ಬ ಜೀವನ ಪ್ರಯತ್ನವು ಇತರರ ಕೈಯಲ್ಲಿ ಒಪ್ಪಿಸಲ್ಪಟ್ಟಿರುವ ಕಾಲ ಎಂದು ನಾವು ತಿಳಿಯುತ್ತೇವೆ.

ಶಾಸ್ತ್ರದ ಮಾತು ಒಣಗಿದಂತೆ ಕಂಡರೆ ತಿಕೋಟಾದ ಕಡೆ ಒಮ್ಮೆ ನಡೆದು ಬನ್ನಿ. ಅಥಣಿಯ ಹಾದಿಯ ಎರಡೂ ಬದಿ, ಬಬಲೇಶ್ವರದ ಭಾಗದಲ್ಲಿಯೂ, ದ್ರಾಕ್ಷಿಯ ಚಪ್ಪರಗಳು. ಅಲ್ಲಿಯ ಒಕ್ಕಲುಮಕ್ಕಳು ವರ್ಷಕ್ಕೆ ಎರಡು ಬಾರಿ ಬಳ್ಳಿಗೆ ಚಾಟ್ನಿ ಮಾಡುತ್ತಾರೆ: ಏಪ್ರಿಲ್ ತಿಂಗಳಲ್ಲಿ ಒಂದು, ಅಕ್ಟೋಬರ್ ತಿಂಗಳಲ್ಲಿ ಒಂದು. ಹಣ್ಣು ಬರುವುದು ಅಕ್ಟೋಬರಿನ ಚಾಟ್ನಿಯಾದ ಮೇಲೆ. ನೋಡುವವನು ಅದೇ ಮುಖ್ಯವಾದುದೆಂದು ತಿಳಿಯುತ್ತಾನೆ. ಬಳ್ಳಿಯನ್ನು ಬಲ್ಲವನು ಹಾಗೆ ಹೇಳುವುದಿಲ್ಲ. ಏಪ್ರಿಲಿನಲ್ಲಿ ಕತ್ತರಿಸಿದ ನಂತರ ಚಿಗುರುವ ಎಳೆಯ ಕಡ್ಡಿಗಳ ಕಣ್ಣುಗಳಲ್ಲಿ, ಆ ಬೇಸಿಗೆಯ ಕೆಲವು ವಾರಗಳೊಳಗೆ, ಮುಂದೆ ಇಲ್ಲಿ ಗೊಂಚಲು ಬರಬೇಕೋ ಬರಿಯ ಸುರುಳಿಕುಡಿ ಬರಬೇಕೋ ಎಂಬುದು ಗೊತ್ತಾಗಿಬಿಡುತ್ತದೆ. ಆಗ ಹೊರಗೆ ಕಾಣುವುದು ಎಲೆ ಮಾತ್ರ. ಆ ವಾರಗಳಲ್ಲಿ ಬಿಸಿಲು ಸಾಲದಿದ್ದರೆ, ನೀರು ಗೊಬ್ಬರ ಮಿತಿಮೀರಿದರೆ, ಅಕ್ಟೋಬರಿನಲ್ಲಿ ಎಷ್ಟು ಆರೈಕೆ ಮಾಡಿದರೂ ಆ ಕಣ್ಣಿನಿಂದ ಗೊಂಚಲು ಹೊರಡದು. ಇನ್ನೊಂದು ಮಾತನ್ನೂ ಗಮನಿಸಬೇಕು. ಯಾವ ಚಾಟ್ನಿಯಿಂದಲೂ ಬಿಳಿ ದ್ರಾಕ್ಷಿಯ ಬಳ್ಳಿ ಕರಿ ದ್ರಾಕ್ಷಿಯದಾಗುವುದಿಲ್ಲ. ಜಾತಿ ಅದರದೇ, ಫಲ ಬರುವುದೋ ಬಾರದೋ ಎಂಬುದು ಮಾತ್ರ ಕೈಗುಣ, ಕಾಲಗುಣ, ಹರಿಯ ಇಚ್ಛೆ. ಸ್ವಭಾವ ಮತ್ತು ಸಂಸ್ಕಾರಗಳ ಸಂಬಂಧವನ್ನು ಇದಕ್ಕಿಂತ ಚೆನ್ನಾಗಿ ತಿಳಿಸುವ ದೃಷ್ಟಾಂತ ನಮಗೆ ತೋಚಿಲ್ಲ.

ಈಗ ಭಾಗವತಕ್ಕೆ ಬರೋಣ. ಅದರಲ್ಲಿ ಐದು ವರ್ಷದ ಇಬ್ಬರು ಬಾಲಕರ ಕಥೆಯುಂಟು. ಇಬ್ಬರೂ ತಂದೆಯ ತೊಡೆಯಿಂದ ವಂಚಿತರಾದವರು. ನಾಲ್ಕನೆಯ ಸ್ಕಂಧದ ಧ್ರುವನು ತೊಡೆಯೇರಲು ಹೋಗಿ ತಡೆಯಲ್ಪಟ್ಟವನು. ಏಳನೆಯ ಸ್ಕಂಧದ ಪ್ರಹ್ಲಾದನು ತೊಡೆಯ ಮೇಲೆ ಕುಳಿತಿದ್ದಾಗ ನೆಲಕ್ಕೆ ಎಸೆಯಲ್ಪಟ್ಟವನು. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ವೇದವ್ಯಾಸದೇವರು ಮಗುವಿನ ಮನಸ್ಸನ್ನು ಎಷ್ಟು ಸೂಕ್ಷ್ಮವಾಗಿ ಕಾಣಿಸಿದ್ದಾರೆಂಬುದು ತಿಳಿಯುವುದು.

ಧ್ರುವನ ಕಥೆಯನ್ನು ನಾವು ಸಾಮಾನ್ಯವಾಗಿ ನಕ್ಷತ್ರಪದವಿಯ ವರೆಗೆ ಹೇಳಿ ಮುಗಿಸುತ್ತೇವೆ. ಭಾಗವತವು ಹಾಗೆ ಮುಗಿಸುವುದಿಲ್ಲ. ಉತ್ತಾನಪಾದರಾಜನ ತೊಡೆಯ ಮೇಲೆ ಉತ್ತಮನು ಕುಳಿತಿದ್ದಾನೆ. ಧ್ರುವನೂ ಏರಲು ಬಯಸಿದ. ತಂದೆ ಆದರಿಸಲಿಲ್ಲ. ಮಲತಾಯಿಯಾದ ಸುರುಚಿಯು, ಈ ಆಸನ ಬೇಕಿದ್ದರೆ ನನ್ನ ಹೊಟ್ಟೆಯಲ್ಲಿ ಹುಟ್ಟಿ ಬಾ ಎಂಬ ಅರ್ಥದಲ್ಲಿ ನುಡಿದಳು. ರಾಜನು ಕೇಳಿಯೂ ಸುಮ್ಮನಿದ್ದ. ಇಲ್ಲಿ ಹೆಚ್ಚಿನ ಅಪರಾಧ ಯಾರದು ಎಂದು ನಮ್ಮನ್ನು ಕೇಳಿದರೆ, ನುಡಿದವಳಿಗಿಂತ ಸುಮ್ಮನೆ ಕುಳಿತವನದೆಂದೇ ಹೇಳುತ್ತೇವೆ. ಮನೆಯಲ್ಲಿ ಒಬ್ಬರು ಮಗುವನ್ನು ಚುಚ್ಚಿದಾಗ ಇನ್ನೊಬ್ಬರು ಪತ್ರಿಕೆಯ ಹಿಂದೆ ಮುಖ ಮರೆಸಿಕೊಳ್ಳುವುದು ಇಂದಿಗೂ ನಡೆದೇ ಇದೆ.

ಬಾಲಕನು ಕೋಲಿನಿಂದ ಹೊಡೆಸಿಕೊಂಡ ಹಾವಿನಂತೆ ಬುಸುಗುಟ್ಟುತ್ತ ತಾಯಿಯ ಬಳಿಗೆ ಓಡಿದ. ಸುನೀತಿಯು ಅತ್ತಳು. ಆದರೆ ಅವಳು ಸವತಿಯನ್ನು ಶಪಿಸಲು ಮಗನಿಗೆ ಕಲಿಸಲಿಲ್ಲ. ಪರರ ಕೇಡನ್ನು ಎಣಿಸಬೇಡ, ಎಣಿಸಿದವನಿಗೇ ಅದು ತಿರುಗುವುದು. ಅವಳು ಹೇಳಿದ್ದರಲ್ಲಿ ಹರಿಯ ಪಾದವನ್ನು ಸೇವಿಸು ಎಂಬ ಮಾತಷ್ಟು ನಿಜ, ಅದನ್ನು ಹಿಡಿ, ಎಂದಳು. ಆ ಒಂದು ಗಳಿಗೆಯಲ್ಲಿ ಆ ತಾಯಿ ಏನು ಹೇಳಿದಳೋ ಅದರ ಮೇಲೆ ಧ್ರುವನ ಇಡೀ ಬಾಳು ನಿಂತಿತು. ದ್ವೇಷವನ್ನು ಹೇಳಿಕೊಟ್ಟಿದ್ದರೆ ನಮಗೆ ಇನ್ನೊಬ್ಬ ಅಸುರನ ಕಥೆ ಸಿಗುತ್ತಿತ್ತೇ ಹೊರತು ಧ್ರುವನ ಕಥೆ ಸಿಗುತ್ತಿರಲಿಲ್ಲವೆಂದು ಲೌಕಿಕ ದೃಷ್ಟಿಯಿಂದ ಹೇಳಬಹುದು.

ದಾರಿಯಲ್ಲಿ ನಾರದರು ಭೇಟಿಯಾದರು. ಆಡುವ ವಯಸ್ಸಿನ ನಿನಗೆ ಮಾನವೇನು, ಅಪಮಾನವೇನು ಎಂದು ಪರೀಕ್ಷಿಸಿದರು. ದೊಡ್ಡವರು ಮಕ್ಕಳ ದುಃಖವನ್ನು ಹಗುರಾಗಿ ತಿಳಿಯುವುದು ಹೀಗೆಯೇ. ಆ ಬಾಲಕನು ಕೊಟ್ಟ ಉತ್ತರ ಗಮನಾರ್ಹ. ಸ್ವಾಮೀ, ತಾವು ಹೇಳಿದ್ದು ಒಳ್ಳೆಯದೇ. ಆದರೆ ಸುರುಚಿಯ ನುಡಿಬಾಣಗಳಿಂದ ಒಡೆದ ನನ್ನ ಹೃದಯದಲ್ಲಿ ಅದು ನಿಲ್ಲಲೊಲ್ಲದು ಎಂದ. ಒಡೆದ ಕೊಡದಲ್ಲಿ ನೀರು ನಿಲ್ಲುವುದೇ? ಉಪದೇಶ ನಿಲ್ಲಬೇಕಾದರೆ ಮೊದಲು ಪಾತ್ರೆ ಸರಿಯಾಗಬೇಕು. ನಾರದರು ಅವನನ್ನು ಗದರಿಸಲಿಲ್ಲ. ದ್ವಾದಶಾಕ್ಷರಮಂತ್ರವನ್ನು ಕೊಟ್ಟು ಯಮುನಾತೀರದ ಮಧುವನಕ್ಕೆ ಕಳಿಸಿದರು.

ಆರು ತಿಂಗಳಲ್ಲಿ ಹರಿಯ ದರ್ಶನವಾಯಿತು. ಭಗವಂತನು ಶಂಖದಿಂದ ಕಪೋಲವನ್ನು ಸ್ಪರ್ಶಿಸಿದ. ಅಷ್ಟಾದರೂ ಧ್ರುವನು ಊರಿಗೆ ಮರಳುವಾಗ ಪೂರ್ಣಸಂತೋಷದಿಂದ ಇರಲಿಲ್ಲವೆಂದು ಭಾಗವತ ಹೇಳುತ್ತದೆ. ವಿದುರನಿಗೂ ಆಶ್ಚರ್ಯವಾಗಿ ಮೈತ್ರೇಯರನ್ನು ಕೇಳುತ್ತಾನೆ: ದುರ್ಲಭವಾದ ಪದವಿಯನ್ನು ಪಡೆದೂ ಏಕೆ ತೃಪ್ತನಾಗಲಿಲ್ಲ? ಮಲತಾಯಿಯ ಮಾತು ಹೃದಯದಲ್ಲಿ ನಾಟಿದ್ದು ನೆನಪಿದ್ದುದರಿಂದ ಮುಕ್ತಿಯನ್ನು ಬೇಡದೆ ಹೋದೆನೆಂದು ಅವನಿಗೆ ಪಶ್ಚಾತ್ತಾಪವಾಯಿತು ಎಂಬುದೇ ಉತ್ತರ. ಸಾಕ್ಷಾತ್ ಹರಿಯು ಎದುರಿಗೆ ನಿಂತಾಗಲೂ ಮಗುವಿನ ಬಾಯಿಂದ ಬಂದುದು ಆ ತೊಡೆಯ ಹಂಬಲದಿಂದ ಹುಟ್ಟಿದ ಬೇಡಿಕೆ! ಇದನ್ನು ಓದುವಾಗಲೆಲ್ಲ ನಮಗೆ ಭಯವಾಗುತ್ತದೆ.

ಇಲ್ಲಿಗೂ ಮುಗಿಯಲಿಲ್ಲ. ಧ್ರುವನು ರಾಜನಾದ. ತಮ್ಮ ಉತ್ತಮನನ್ನು ಬೇಟೆಯ ಕಾಲದಲ್ಲಿ ಹಿಮಾಲಯದಲ್ಲಿ ಯಕ್ಷನೊಬ್ಬನು ಕೊಂದ. ಧ್ರುವನು ಅಳಕಾಪುರಿಗೆ ದಂಡೆತ್ತಿ ಹೋಗಿ ತಪ್ಪಿಲ್ಲದ ಅನೇಕ ಯಕ್ಷರನ್ನೂ ಕೊಲ್ಲತೊಡಗಿದ. ಆಗ ಅಜ್ಜನಾದ ಸ್ವಾಯಂಭುವ ಮನುವು ಬಂದು ಅವನನ್ನು ತಡೆದ. ಆ ಉಪದೇಶದಲ್ಲಿ ಮನುವು ಒಂದು ಮಾತನ್ನು ನೆನಪಿಸುತ್ತಾನೆ: ನೀನು ಐದು ವರ್ಷದವನಾಗಿದ್ದಾಗ ಮಲತಾಯಿಯ ಮಾತಿನಿಂದ ಮರ್ಮ ಭೇದಿಸಲ್ಪಟ್ಟು, ತಾಯಿಯನ್ನು ಬಿಟ್ಟು ಕಾಡಿಗೆ ಹೋಗಿ ಹರಿಯನ್ನು ಆರಾಧಿಸಿದವನು. ರಣರಂಗದ ನಡುವೆ, ಶಸ್ತ್ರ ಹಿಡಿದ ಚಕ್ರವರ್ತಿಗೆ, ಐದು ವರ್ಷದ ಆ ಹುಡುಗನನ್ನು ಏಕೆ ನೆನಪಿಸಬೇಕಾಯಿತು? ನಮಗೆ ತೋರುವುದು ಇದು: ಬಿಲ್ಲು ಹಿಡಿದಿದ್ದ ಕೈ ದೊಡ್ಡವನದು, ಒಳಗಿನ ಕೋಪ ಆ ಹುಡುಗನದು. ಅಜ್ಜನು ಆ ಹುಡುಗನೊಡನೆಯೇ ಮಾತಾಡಿದ. ಅದೇ ನೋವು ಹಿಂದೆ ನಿನ್ನನ್ನು ಹರಿಯ ಕಡೆಗೆ ಕರೆದೊಯ್ದಿತ್ತು, ಈಗ ಎಲ್ಲಿಗೆ ಒಯ್ಯುತ್ತಿದೆ ನೋಡು ಎಂದಂತಾಯಿತು. ಧ್ರುವನು ಬಿಲ್ಲನ್ನು ಇಳಿಸಿದ. ಕುಬೇರನು ಮೆಚ್ಚಿ ವರ ಕೇಳೆಂದಾಗ ಹರಿಯ ಅಚಲವಾದ ಸ್ಮರಣೆಯನ್ನು ಮಾತ್ರ ಬೇಡಿದ. ಮಧುವನದಲ್ಲಿ ತಪ್ಪಿದ ಬೇಡಿಕೆಯು ಅಳಕಾಪುರಿಯಲ್ಲಿ ಸರಿಹೋಯಿತು. ಬಾಲ್ಯದ ಗಾಯ ಮಾಯುವುದಕ್ಕೆ ಎಷ್ಟು ಕಾಲ ಬೇಕಾಯಿತು! ಮತ್ತು ಅದಕ್ಕೆ ಒಬ್ಬ ಅಜ್ಜ ಬೇಕಾದ.

ಪ್ರಹ್ಲಾದನಿಗೆ ಆದ ಹಿಂಸೆ ಧ್ರುವನದಕ್ಕಿಂತ ನೂರುಪಾಲು ಹೆಚ್ಚಿನದು. ಆದರೂ ಅವನ ಮನಸ್ಸಿನಲ್ಲಿ ಗಾಯವೇ ಆಗಲಿಲ್ಲ. ಕಾರಣವೇನು? ಹಿರಣ್ಯಕಶಿಪುವು ಮಗನನ್ನು ಪ್ರೀತಿಸದವನಲ್ಲ. ತೊಡೆಯ ಮೇಲೆ ಕೂರಿಸಿಕೊಂಡು, ಮಗೂ, ಕಲಿತುದರಲ್ಲಿ ಒಳ್ಳೆಯದು ಯಾವುದು ಹೇಳು ಎಂದು ಕೇಳುವ ತಂದೆಯೇ. ತನಗೆ ಬೇಕಾದ ಉತ್ತರ ಬರುವ ವರೆಗೆ ಮಾತ್ರ ಆ ತೊಡೆ ಇತ್ತು. ಉತ್ತರ ಬೇರೆಯಾದ ಕೂಡಲೇ ಮಗ ನೆಲದ ಮೇಲೆ. ಈ ಅಸುರನನ್ನು ನೋಡಿ ನಗುವ ಮೊದಲು ಪರೀಕ್ಷೆಯ ಅಂಕಪಟ್ಟಿ ಬಂದ ದಿನ ನಮ್ಮ ಮನೆಯ ತೊಡೆಗಳು ಹೇಗಿರುತ್ತವೆ ಎಂಬುದನ್ನು ನೋಡಿಕೊಳ್ಳುವುದು ಒಳ್ಳೆಯದು.

ಪ್ರಹ್ಲಾದನಿಗೆ ಆ ತೊಡೆಗಿಂತ ಮುಂಚಿನ ಆಶ್ರಯವೊಂದಿತ್ತು. ಕಯಾಧುವು ಗರ್ಭಿಣಿಯಾಗಿದ್ದಾಗ ನಾರದರ ಆಶ್ರಮದಲ್ಲಿ ಇದ್ದಳು. ಅವರು ಹೇಳಿದ ತತ್ತ್ವವನ್ನು ಗರ್ಭದಲ್ಲಿದ್ದ ಶಿಶು ಕೇಳಿತು. ಕಾಲ ಕಳೆದಂತೆ ತಾಯಿ ಮರೆತಳು, ತಾನು ಮಾತ್ರ ಋಷಿಯ ಅನುಗ್ರಹದಿಂದ ಮರೆಯಲಿಲ್ಲ ಎಂದು ಪ್ರಹ್ಲಾದನೇ ಸಹಪಾಠಿಗಳಿಗೆ ಹೇಳುತ್ತಾನೆ. ಮಕ್ಕಳಿಗೆ ಅರ್ಥವಾಗುವುದಿಲ್ಲ, ಏಕೆ ಕೇಳಿಸಬೇಕು ಎನ್ನುವವರಿಗೆ ಇದು ಉತ್ತರ. ಬೆಳಗಿನಲ್ಲಿ ಶ್ರೀಪಾದರಾಜರ ಮಧ್ವನಾಮ, ಶುಕ್ರವಾರ ವಾದಿರಾಜರ ಲಕ್ಷ್ಮೀಶೋಭಾನೆ ಹಾಡಿದ ಅಜ್ಜಿಯರಲ್ಲಿ ಎಷ್ಟು ಮಂದಿ ಅರ್ಥವನ್ನು ಬಿಡಿಸಿ ಹೇಳಬಲ್ಲವರಾಗಿದ್ದರು? ಹಾಡಿದವರು ಮರೆತರೂ ಕೇಳಿದ ಕಿವಿ ಮರೆಯದಿರಬಹುದು.

ಶಂಡಾಮರ್ಕರು ಹೊರಗೆ ಹೋದಾಗ ಪ್ರಹ್ಲಾದನು ಆಟಕ್ಕೆ ಕರೆದ ಹುಡುಗರನ್ನು ಕೂರಿಸಿಕೊಂಡು ಒಂದು ಲೆಕ್ಕ ಹೇಳುತ್ತಾನೆ. ಮನುಷ್ಯನ ಆಯುಸ್ಸು 100 ವರ್ಷವೆಂದರೆ ಅರ್ಧ ರಾತ್ರಿಯ ನಿದ್ರೆಗೆ ಹೋಯಿತು. ಬಾಲ್ಯದ ಮೌಢ್ಯ ಮತ್ತು ಆಟಗಳಲ್ಲಿ 20, ಮುಪ್ಪಿನ ಅಶಕ್ತಿಯಲ್ಲಿ 20. ಉಳಿದುದು ಸಂಸಾರದ ಆಸಕ್ತಿಯಲ್ಲಿ. ಆದ್ದರಿಂದ ಭಾಗವತಧರ್ಮವನ್ನು ಕೌಮಾರದಲ್ಲಿಯೇ ಆಚರಿಸಬೇಕು ಎಂದು ಅವನ ವಾದ. ನಿವೃತ್ತಿಯಾದ ಮೇಲೆ ಪ್ರವಚನ ಕೇಳುತ್ತೇವೆ, ಈಗ ಸಮಯವಿಲ್ಲ ಎನ್ನುವ ನಮ್ಮ ಬ್ಯಾಂಕಿನ, ಕಚೇರಿಯ ಬಂಧುಗಳು ಈ ಲೆಕ್ಕವನ್ನು ಒಮ್ಮೆ ತಾಳೆ ನೋಡಬಹುದು. ಕೊನೆಯಲ್ಲಿ ನೃಸಿಂಹದೇವರು ವರ ಕೇಳೆಂದಾಗ ಪ್ರಹ್ಲಾದನು ತನ್ನನ್ನು ಹಿಂಸಿಸಿದ ತಂದೆಯ ಪಾವನತೆಯನ್ನು ಬೇಡಿದ. 21 ತಲೆಮಾರು ಪವಿತ್ರವಾಯಿತೆಂದು ಭಗವಂತನು ಅಭಯವಿತ್ತನು. ಈ ಪ್ರಹ್ಲಾದರೇ ಮುಂದೆ ವ್ಯಾಸರಾಜರು, ಬಳಿಕ ಮಂತ್ರಾಲಯದ ಪ್ರಭುಗಳು ಎಂಬ ನಮ್ಮ ಪರಂಪರೆಯ ನಂಬಿಕೆಯನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ.

ಆದರೆ ರಾಯರ ಬಾಲ್ಯದ ಬಗ್ಗೆ ಒಂದು ಮಾತು. ವೆಂಕಟನಾಥನೆಂಬ ಬಾಲಕನು ತಂದೆ ತಿಮ್ಮಣ್ಣಭಟ್ಟರನ್ನು ಎಳೆತನದಲ್ಲಿಯೇ ಕಳೆದುಕೊಂಡ. ಅಣ್ಣ ಗುರುರಾಜರು ಸಾಕಿದರು; ಮಧುರೆಯಲ್ಲಿ ಅಕ್ಕನ ಪತಿ ಲಕ್ಷ್ಮೀನರಸಿಂಹಾಚಾರ್ಯರು ವಿದ್ಯೆ ಹೇಳಿದರು. ಅದೇ ಶತಮಾನದ ಕೊನೆಯ ಭಾಗದಲ್ಲಿ ಬಾಗಲಕೋಟೆಯಲ್ಲಿ ಇನ್ನೊಬ್ಬ ಬಾಲಕನು ತಂದೆತಾಯಿಗಳನ್ನು ಕಳೆದುಕೊಂಡು ಅಣ್ಣನ ಮನೆಯಲ್ಲಿ ಬೆಳೆದ. ಅವರೇ ಮುಂದಿನ ಪ್ರಸನ್ನವೆಂಕಟದಾಸರು. ಅಲ್ಲಿ ಅಣ್ಣನಿದ್ದ, ಅನ್ನವೂ ಇತ್ತು. ಆದರೆ ಅತ್ತಿಗೆಯ ಬಿರುನುಡಿ ಸಹಿಸಲಾರದೆ ಆ ಹುಡುಗ ಮನೆ ಬಿಟ್ಟು ತಿರುಪತಿಯ ಯಾತ್ರಿಕರೊಡನೆ ನಡೆದುಬಿಟ್ಟ ಎಂದು ಹಿರಿಯರು ಹೇಳುತ್ತಾರೆ. ತಂದೆಯಿಲ್ಲದ ಇಬ್ಬರು ಮಕ್ಕಳು, ಇಬ್ಬರನ್ನೂ ಸಾಕಿದವರು ಅಣ್ಣಂದಿರು. ಒಂದು ಮನೆ ಮಗುವನ್ನು ಎತ್ತಿಕೊಂಡಿತು, ಒಂದು ಮನೆ ಹೊರಗೆ ಹಾಕಿತು. ವೆಂಕಟೇಶನು ಎರಡನೆಯವನನ್ನು ತಾನೇ ಎತ್ತಿಕೊಂಡ. ಹಾಗೆಂದು, ಬೈದರೆ ದಾಸನಾಗುವನು ಎಂದು ಯಾರೂ ತಿಳಿಯಬಾರದು. ಬಿರುನುಡಿ ತಾಳದೆ ಮನೆ ಬಿಟ್ಟ ಮಕ್ಕಳಲ್ಲಿ ತಿರುಪತಿಯ ದಾರಿ ಹಿಡಿದವರು ಎಷ್ಟು, ಹಾಳಾದವರು ಎಷ್ಟು? ಹಾಳಾದವರ ಹೆಸರನ್ನು ಯಾರೂ ಬರೆದಿಡುವುದಿಲ್ಲ.

ನಮ್ಮ ಸೀಮೆಯವರೇ ಆದ ಕಾಖಂಡಕಿಯ ಮಹಿಪತಿದಾಸರನ್ನು ಇಲ್ಲಿ ಸ್ಮರಿಸದಿದ್ದರೆ ಲೋಪವಾದೀತು. ಕಾಖಂಡಕಿಯೂ ಅವರ ಗುರುಗಳಾದ ಭಾಸ್ಕರಸ್ವಾಮಿಗಳ ಸಾರವಾಡವೂ ಈಗಿನ ಬಬಲೇಶ್ವರ ತಾಲೂಕಿನವು. 1611ರಲ್ಲಿ ಅಥಣಿಯ ಸಮೀಪದ ಐಗಳಿಯಲ್ಲಿ ಅವರ ಜನನವೆಂದು ಹೇಳುವರು. ಎಳೆತನದಲ್ಲಿ ಸಂಸ್ಕೃತ ಮತ್ತು ಪುರಾಣಗಳನ್ನು ಅಭ್ಯಸಿಸಿ ತಾರುಣ್ಯದಲ್ಲಿ ವಿಜಯಪುರದಲ್ಲಿ ಪುರಾಣ ಹೇಳುತ್ತಿದ್ದರು. ಅವರ ಬುದ್ಧಿಯನ್ನು ಕಂಡ ಆದಿಲಶಾಹಿ ದರಬಾರಿನವರು ಲೆಕ್ಕಪತ್ರದ ಕೆಲಸಕ್ಕೆ ಕರೆದುಕೊಂಡರು. ಪದವಿ ಬಂತು, ಐಶ್ವರ್ಯ ಬಂತು. ಪುರಾಣ ಹಿಂದೆ ಸರಿಯಿತು. ಮುದ್ರೆಯುಂಗುರದ ಪ್ರಸಂಗವು ನಮ್ಮ ಓದುಗರಿಗೆ ತಿಳಿದುದೇ ಆದುದರಿಂದ ಬೆಳೆಸುವುದಿಲ್ಲ. ಆ ಒಂದು ಪೆಟ್ಟಿನಿಂದ ಎಚ್ಚತ್ತು, ಅಧಿಕಾರವನ್ನು ಬಿಟ್ಟು, ಸಾರವಾಡದ ಗುರುಗಳನ್ನು ಆಶ್ರಯಿಸಿದರು. ಅವರ ಪದಗಳಲ್ಲಿ ಯೋಗಮಾರ್ಗದ ಪರಿಭಾಷೆ ಹೆಚ್ಚೆಂದು ಕೆಲವು ಪಂಡಿತರು ಮೂಗು ಮುರಿಯುವುದುಂಟು. ಆ ಚರ್ಚೆ ಬೇರೆ.

ಇಲ್ಲಿ ನಮಗೆ ಬೇಕಾದುದು ಇಷ್ಟು: ನಡುವಯಸ್ಸಿನಲ್ಲಿ ಎಚ್ಚರವಾದಾಗ ಅವರಿಗೆ ತಿರುಗಿ ಹೋಗಲು ಒಂದು ಜಾಗವಿತ್ತು. ಬಾಲ್ಯದಲ್ಲಿ ಕಲಿತುದು ದರಬಾರಿನ ವರ್ಷಗಳಲ್ಲಿ ಸತ್ತಿರಲಿಲ್ಲ, ಏಪ್ರಿಲಿನ ಕಣ್ಣಿನೊಳಗಿನ ಗೊಂಚಲಿನಂತೆ ಮಲಗಿತ್ತು. ಗೀತೆಯ ಆರನೆಯ ಅಧ್ಯಾಯದಲ್ಲಿ ಯೋಗಭ್ರಷ್ಟನ ಗತಿಯನ್ನು ಅರ್ಜುನನು ಕೇಳಿದಾಗ ಶ್ರೀಕೃಷ್ಣನು ಹೇಳುವುದೂ ಇದೇ ಬಗೆಯದು. ಅವನು ಶುಚಿಗಳ ಮನೆಯಲ್ಲಿ ಅಥವಾ ಯೋಗಿಗಳ ಕುಲದಲ್ಲಿ ಹುಟ್ಟುವನು, ಹಿಂದಿನ ಅಭ್ಯಾಸವು ತನಗೆ ತಿಳಿಯದೆಯೇ ಅವನನ್ನು ಎಳೆದುಕೊಂಡು ಹೋಗುವುದು. ಜನ್ಮಾಂತರದ ಅಭ್ಯಾಸಕ್ಕೇ ಆ ಬಲವಿದ್ದರೆ ಇದೇ ಜನ್ಮದ ಬಾಲ್ಯದ ಅಭ್ಯಾಸಕ್ಕೆ ಇರದೇ? ಇನ್ನು ದಾಸರ ಮಗ ಕೃಷ್ಣರಾಯರು. ಅವರೂ ಹರಿದಾಸರಾದರು. ತಮ್ಮ ಪದಗಳ ಅಂಕಿತದಲ್ಲಿ ತಾವು ಮಹಿಪತಿಯ ನಂದನರೆಂದು, ತಂದೆಯನ್ನು ಗುರುವೆಂದು ಹೇಳಿಕೊಂಡರು. ತಂದೆಯು ಮಗನಿಗೆ ಬಿಟ್ಟುಹೋಗಬಹುದಾದ ಆಸ್ತಿಗಳಲ್ಲಿ ಇಂಥದೊಂದು ಉಂಟೆಂಬುದನ್ನು ಕಾಖಂಡಕಿಯ ದಾರಿಯಲ್ಲಿ ಹೋಗುವಾಗ ನೆನೆಯಬೇಕು.

ಶ್ರೀಮದಾಚಾರ್ಯರ ಬಾಲ್ಯವನ್ನು ನಾರಾಯಣಪಂಡಿತಾಚಾರ್ಯರು ಸುಮಧ್ವವಿಜಯದ 16 ಸರ್ಗಗಳಲ್ಲಿ ಆರಂಭದ ಸರ್ಗಗಳನ್ನು ಮೀಸಲಿಟ್ಟು ವರ್ಣಿಸಿದ್ದಾರೆ. ಅವತಾರಪುರುಷರಿಗೆ ಮನೆಯ ಸಂಸ್ಕಾರದಿಂದ ಬರಬೇಕಾದುದು ಏನೂ ಇಲ್ಲ. ಅಲ್ಲಿ ನಾವು ಕಲಿಯಬೇಕಾದುದು ತಂದೆಯಾದ ಮಧ್ಯಗೇಹಭಟ್ಟರನ್ನು ನೋಡಿ. ನಿನ್ನೆ ಬರೆಸಿದ ಅಕ್ಷರವನ್ನೇ ಇಂದು ಏಕೆ ಬರೆಸುವಿರಿ ಎಂದು ವಾಸುದೇವ ಕೇಳಿದ, ಅವರು ಹೊಡೆಯಲಿಲ್ಲ. ತುಂಬಿದ ಸಭೆಯಲ್ಲಿ ತಂದೆ ಪುರಾಣ ಹೇಳುತ್ತಿರುವಾಗ ಮರಗಳ ಹೆಸರಿನಲ್ಲಿ ಲಿಕುಚವೆಂಬ ಪದದ ಅರ್ಥವನ್ನು ಬಿಟ್ಟಿರಿ ಎಂದ. ನಾಲ್ಕು ಜನರ ಮುಂದೆ ತಮ್ಮ ಮಾನ ಹೋಯಿತೆಂದು ಅವರು ಕೆರಳಲಿಲ್ಲ, ಸಂತೋಷಪಟ್ಟರು. ಬಾಲಕನು ಒಬ್ಬನೇ ಕಾಡಿನ ಗುಡಿಗಳನ್ನು ಹಾದು ಉಡುಪಿಗೆ ಹೋಗಿಬಿಟ್ಟಾಗ ಹುಡುಕುತ್ತ ಬಂದು, ಜೊತೆಗೆ ಯಾರಿದ್ದರು ಮಗೂ ಎಂದು ಕಣ್ಣೀರಿನಿಂದ ಕೇಳಿದರು. ಮಗುವಿನ ಪ್ರಶ್ನೆಯನ್ನು ಅವಿಧೇಯತೆ ಎಂದು ತಿಳಿಯದ ಮನೆ ಅದು.

ನಾವು ಅರ್ಚಕರ ಮನೆಯಲ್ಲಿ ಬೆಳೆದವರು. ಮಡಿಮೈಲಿಗೆಯ ಹೆಸರಿನಲ್ಲಿ ಮಕ್ಕಳು ಬೈಗುಳ ತಿನ್ನುವುದನ್ನು ಹತ್ತಿರದಿಂದ ಬಲ್ಲೆವು. ಮಡಿಯಲ್ಲಿದ್ದವರನ್ನು ಮುಟ್ಟಿದ ಮೂರು ವರ್ಷದ ಕೂಸಿಗೆ ಸಿಡಿಮಿಡಿ, ಸಂಧ್ಯಾವಂದನೆಯ ಒಂದು ಮಂತ್ರ ತಪ್ಪಿದ ವಟುವಿಗೆ ನೆಂಟರೆದುರು ಅಪಹಾಸ್ಯ. ಆ ಹುಡುಗನು ದೊಡ್ಡವನಾಗಿ ಪುಣೆಗೋ ಬೆಂಗಳೂರಿಗೋ ಹೋದ ಮೇಲೆ ಮಠದ ಮೆಟ್ಟಿಲು ಹತ್ತದಿದ್ದರೆ, ಕಲಿಯ ಪ್ರಭಾವ ಎಂದು ನಿಟ್ಟುಸಿರು ಬಿಡುತ್ತೇವೆ. ಕಲಿಯ ಪ್ರಭಾವ ಇದ್ದೇ ಇದೆ. ಆದರೆ ದೇವರ ಮನೆಯನ್ನು ನೆನೆದಾಗ ಅವನಿಗೆ ಮೊದಲು ಯಾವುದು ನೆನಪಾಗುತ್ತದೆ? ತುಳಸಿಯ ಪರಿಮಳವೋ, ಬೆನ್ನಿನ ಮೇಲಿನ ಏಟೋ? ಆಚಾರವನ್ನು ಸಡಿಲಿಸಿರಿ ಎಂದು ನಾವು ಹೇಳುತ್ತಿಲ್ಲ. ಆಚಾರವನ್ನು ಮಗುವಿನ ವೈರಿಯನ್ನಾಗಿ ಮಾಡಬಾರದು ಎನ್ನುತ್ತಿದ್ದೇವೆ.

ಇದರ ವಿರುದ್ಧದ ತಪ್ಪೂ ಉಂಟು. ಗರ್ಭಾಷ್ಟಮದಲ್ಲಿ ಆಗಬೇಕಾದ ಮುಂಜಿವೆಯನ್ನು ಮದುವೆಯ ಹಿಂದಿನ ದಿನ, ಒಂದೇ ಮಂಟಪದಲ್ಲಿ, ಒಂದೇ ಅಡಿಗೆಯವರಿಂದ ಮುಗಿಸುವುದು ಈಗ ಸಾಮಾನ್ಯವಾಗಿದೆ. 28 ವರ್ಷದ ವಟುವು ಭಿಕ್ಷೆ ಬೇಡುತ್ತ ನಿಲ್ಲುವುದನ್ನು ನೋಡಿ ನೆಂಟರು ನಗುತ್ತಾರೆ, ಅವನೂ ನಗುತ್ತಾನೆ. ಖರ್ಚು ಉಳಿಯಿತೆಂಬುದು ನಿಜ. ಆದರೆ ಎಂಟು ವರ್ಷದವನ ಕಿವಿಯಲ್ಲಿ ಬಿದ್ದು 20 ವರ್ಷ ಬೇರೂರಬೇಕಾಗಿದ್ದ ಗಾಯತ್ರಿಗೆ ಆ ಕಾಲವೇ ಸಿಗದೆ ಹೋಯಿತು. ಊಟದ ಹೊತ್ತಿಗೆ ಕೂಸಿನ ಕೈಗೆ ಮೊಬೈಲು ಕೊಟ್ಟು ತುತ್ತು ಇಡುವ ಪದ್ಧತಿಯ ಬಗ್ಗೆ ಎಲ್ಲರೂ ಹೇಳಿಯಾಗಿದೆ, ನಾವು ಮತ್ತೆ ಹೇಳುವುದಿಲ್ಲ. ಕಯಾಧುವಿನ ಗರ್ಭಕ್ಕೂ ಏನೋ ಒಂದು ಕೇಳಿಸುತ್ತಲೇ ಇತ್ತು ಎಂಬುದಷ್ಟನ್ನು ನೆನಪಿಸುತ್ತೇವೆ.

ಎಲ್ಲಕ್ಕಿಂತ ನಮಗೆ ಕಳವಳವಾಗುವುದು ಇನ್ನೊಂದು ಮಾತಿನಿಂದ. “ಬಿಡ್ರಿ ಆಚಾರ್ಯರ, ಅವನ ಯೋಗ್ಯತಾನ ಅಷ್ಟು!” ಮಗನು ಬಾಗಿಲಲ್ಲಿ ನಿಂತು ಕೇಳುತ್ತಿರುವಾಗಲೇ ಹೀಗೆ ಹೇಳಿದ ತಂದೆಯರನ್ನು ನಾವು ಕಂಡಿದ್ದೇವೆ. ನಮ್ಮ ಸಿದ್ಧಾಂತದ ಶ್ರೇಷ್ಠವಾದ ಒಂದು ಪದವನ್ನು ಹೀಗೆ ಕಲ್ಲಿನಂತೆ ಎಸೆಯುವುದಕ್ಕೆ ನಮಗೆ ಯಾರು ಅಧಿಕಾರ ಕೊಟ್ಟರು? ಜೀವನ ಯೋಗ್ಯತೆಯನ್ನು ಬಲ್ಲವನು ಶ್ರೀಹರಿ, ಅವನ ಪ್ರಸಾದದಿಂದ ಬಲ್ಲವರು ಅಪರೋಕ್ಷಜ್ಞಾನಿಗಳು. 40 ವರ್ಷ ಸಂಬಳ ತಂದ ಮಾತ್ರಕ್ಕೆ ಆ ಜ್ಞಾನ ಬರುವುದಿಲ್ಲ. ಹಿರಣ್ಯಕಶಿಪುವಿಗೂ ತನ್ನ ಮಗನ ಯೋಗ್ಯತೆ ಗೊತ್ತಿದೆಯೆಂಬ ಭ್ರಮೆಯಿತ್ತು, ಶಂಡಾಮರ್ಕರಿಗೂ ಇತ್ತು. ಆಚಾರ್ಯರು ತಾರತಮ್ಯವನ್ನು ಹೇಳಿದುದು ದೇವತೆಗಳಲ್ಲಿ, ಗುರುಗಳಲ್ಲಿ ನಮ್ಮ ತಲೆ ಬಾಗಲೆಂದು. ಮನೆಯ ಮಕ್ಕಳಲ್ಲಿ ಒಬ್ಬನನ್ನು ಇನ್ನೊಬ್ಬನಿಗೆ ಹೋಲಿಸಿ ಮೂಲೆಗೆ ತಳ್ಳಲೆಂದು ಅಲ್ಲ. ದ್ವಾದಶಸ್ತೋತ್ರದಲ್ಲಿ ಅವರು ನಮಗೆ ವಿಧಿಸಿದುದು ಹರಿಯಲ್ಲಿ ಬುದ್ಧಿಯಿಟ್ಟು ನಿಯತವಾದ ಕರ್ಮವನ್ನು ಮಾಡುವುದನ್ನು. ಮಗುವಿನ ವಿಷಯದಲ್ಲಿ ನಮ್ಮ ನಿಯತಕರ್ಮ ಬೆಳೆಸುವುದು, ಅಷ್ಟೇ. ತೂಗಿ ನೋಡುವ ಕೆಲಸ ನಮ್ಮದಲ್ಲ.

ಆ ತಾಯಿಗೆ ನಾವು ಹೇಳಿದುದೂ ಇದೇ. ಸ್ವಭಾವವನ್ನು ದೇವರಿಗೆ ಬಿಡಿರಿ, ಬೆಳೆಸುವುದನ್ನು ನೀವು ಇಟ್ಟುಕೊಳ್ಳಿರಿ. ಅವರ ಮಗನಿಗೆ ಆಗ 14 ವರ್ಷ. ಏಪ್ರಿಲ್ ಕಳೆದುಹೋಯಿತೇ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಧ್ರುವನ ಅಜ್ಜನನ್ನು ನೆನಪಿಸುತ್ತಿದ್ದೆವು. ಬಳ್ಳಿಗೆ ವರ್ಷಕ್ಕೆ ಒಂದೇ ಬೇಸಿಗೆ. ಮನುಷ್ಯನಿಗೆ ಹರಿಯು ಅಷ್ಟು ಕಟ್ಟುನಿಟ್ಟು ಮಾಡಿಲ್ಲ. ಮನೆಯಲ್ಲಿ ಅಜ್ಜನೋ, ಕಾಕನೋ, ಸೋದರಮಾವನೋ, ನಾಲ್ಕು ದಿನ ಆ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವನ ಮಾತು ಕೇಳುವವರು ಇದ್ದಾರೆಯೇ ಎಂದು ವಿಚಾರಿಸಿದೆವು. ಅವನ ಅಜ್ಜ ತಿಕೋಟಾದಲ್ಲಿ ಇದ್ದಾರೆಂದರು. ರಜೆಗೆ ಅಲ್ಲಿಗೆ ಕಳಿಸಿರಿ ಎಂದೆವು.

ಧ್ರುವನ ಕಥೆಯ ಕೊನೆಯ ತುಣುಕೊಂದನ್ನು ಹೇಳುವುದು ಉಳಿಯಿತು. 36,000 ವರ್ಷ ರಾಜ್ಯವಾಳಿದ ಬಳಿಕ ವಿಷ್ಣುದೂತರು ವಿಮಾನವನ್ನು ತಂದರು. ಏರುವ ಗಳಿಗೆಯಲ್ಲಿ ಧ್ರುವನಿಗೆ ತಾಯಿ ಸುನೀತಿಯ ನೆನಪಾಯಿತು. ದೀನಳಾದ ಅವಳನ್ನು ಬಿಟ್ಟು ಹೇಗೆ ಹೋಗಲಿ ಎಂದುಕೊಂಡ. ದೂತರು ಕೈ ತೋರಿಸಿದರು. ಅವಳು ಬೇರೊಂದು ವಿಮಾನದಲ್ಲಿ ಅವನಿಗಿಂತ ಮುಂದೆ ಹೋಗುತ್ತಿದ್ದಳು.

ಚತುರ್ದಶಿಯ ಸಾಯಂಕಾಲ ಪೂಜೆಗೆ ಬರುವವರು ಮಕ್ಕಳನ್ನು ಮನೆಯಲ್ಲಿ ಬಿಟ್ಟು ಬರಬಾರದೆಂದು ವಿನಂತಿ. ಗದ್ದಲವಾಗುವುದೆಂಬ ಸಂಕೋಚ ಬೇಡ. ಉಪವಾಸದ ನಿಯಮ ದೊಡ್ಡವರಿಗೆ ಇರಲಿ. ಮಂಗಳಾರತಿಯಾದ ಕೂಡಲೇ ಪಾನಕ ಮತ್ತು ಕೋಸಂಬರಿಯ ಪ್ರಸಾದವನ್ನು ಮೊದಲು ಮಕ್ಕಳ ಸಾಲಿಗೆ ಬಡಿಸುವ ವ್ಯವಸ್ಥೆಯಾಗಬೇಕೆಂದು ಸೇವಾಕರ್ತರಲ್ಲಿ ಕೇಳಿಕೊಳ್ಳುತ್ತೇವೆ.

ಶ್ರೀಕೃಷ್ಣಾರ್ಪಣಮಸ್ತು